ದರಕಿನ ಹೊರೆ

ಚೇತನಾಳ ಹತ್ತಿರ ರಜೆ ಉಳಿದಿರಲಿಲ್ಲ. ಶಿರಸಿಯ ಒಂದು ಆಸ್ಪತ್ರೆಯಲ್ಲಿ ಅವಳದು ಎಂಬಿಬಿಎಸ್ ನಂತರದ ಮೂರು ವರ್ಷಗಳ ತರಬೇತಿ. ಎರಡನೆಯ ವರ್ಷ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ವರ್ಷಕ್ಕೆ ಮೂವತ್ತು ದಿನ ರಜೆ. ಮಗಳಿಗೆ ಸೀತಾಳೆ ಸಿಡುಬು ಎದ್ದಾಗ ಹನ್ನೆರಡು ಹೋದವು, ನಾದಿನಿಯ ಮದುವೆಗೆ ಐದು, ತನ್ನದೇ ಟೈಫಾಯ್ಡಿಗೆ ಹದಿಮೂರು. ಮೂವತ್ತು ದಾಟಿದರೆ ತರಬೇತಿ ಆರು ತಿಂಗಳು ಮುಂದಕ್ಕೆ ಹೋಗುತ್ತದೆ ಎಂದು ಸೇರುವಾಗಲೇ ಬರೆಸಿಕೊಂಡಿದ್ದರು. ಹದಿನೈದು ದಿನಕ್ಕೊಂದು ಭಾನುವಾರ ಮಾತ್ರ ನಿಲ್ಕುಂದದ ಮನೆಗೆ ಬರಬಹುದಿತ್ತು.

ಫೆಬ್ರವರಿಯ ಅಂಥ ಒಂದು ಭಾನುವಾರ ಮಗಳು ಅನುಶ್ರೀಗೆ ಐದು ತುಂಬಿತು. ಕೇಕು ಮಾಡುತ್ತೇನೆ, ಗುಡ್ಡ ಹತ್ತಿಸುತ್ತೇನೆ ಎಂದು ಚೇತನಾ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಗಂಡ ದರ್ಶನ ಸಿದ್ದಾಪುರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಇಬ್ಬರ ಪರಿಚಯವಾದದ್ದೇ ಯಲ್ಲಾಪುರದ ಕಡೆ ಒಂದು ಚಾರಣದಲ್ಲಿ. ಮದುವೆಯಾದ ಮೇಲೆ ಒಟ್ಟಿಗೆ ಹತ್ತಿದ್ದು ಎರಡೇ ಗುಡ್ಡ.

ಬೆಳಿಗ್ಗೆ ಎಂಟಕ್ಕೇ ಕರೆಂಟು ಹೋಯಿತು. ಚೇತನಾ ಓವನ್ನಿನ ಮುಂದೆ ಮೊಟ್ಟೆ ಕಲಸಿದ ಪಾತ್ರೆ ಹಿಡಿದು ನಿಂತಳು. ಅತ್ತೆ ನಾಗಿ ಬಾಗಿಲಲ್ಲಿ ನಿಂತು ನಕ್ಕಳು.

“ನಿನ್ನ ಡಬ್ಬಿ ಜೀವ ಹೋತನೇ ತಂಗಿ?”

“ಸಂಜೆವರೆಗೂ ಬರೂದಿಲ್ಲ ಅಂತೆ ಅತ್ತೆ.”

“ಆ ಮೊಟ್ಟೆ ಗಂಡಂಗೆ ಹುರ್ದು ಹಾಕು. ನಾ ಮಾಡ್ತೆ ಕೇಕು.”

ನಾಗಿ ಅಟ್ಟದಲ್ಲಿ ಕಟ್ಟಿಟ್ಟಿದ್ದ ಸೌತೆಕಾಯಿಯನ್ನು ಇಳಿಸಿ ತುರಿದಳು. ಅಕ್ಕಿ ರವೆ, ಬೆಲ್ಲ, ಕಾಯಿ ಸೇರಿಸಿ ದಪ್ಪ ತಳದ ಪಾತ್ರೆಗೆ ಹೊಯ್ದು ಒಲೆಯ ಕೆಂಡದ ಮೇಲಿಟ್ಟಳು. ಮುಚ್ಚಳದ ಮೇಲೂ ಕೆಂಡ ಹರಡಿದಳು. ಎಷ್ಟು ಹೊತ್ತು ಬೇಯಬೇಕು ಎಂದು ಚೇತನಾ ಕೇಳಿದಳು.

“ವಾಸ್ನೆ ಬರೂವರೆಗೆ.”

“ನಿಮಿಷ ಹೇಳಿ ಅತ್ತೆ, ಬರ್ಕೊಳ್ತೆ.”

“ಮೂಗು ಬರ್ಕೊಳ್ತದೆ ಬಿಡು.”

ಹೊರಡುವ ಮೊದಲು ಚೇತನಾ ಉಣ್ಣೆಹುಳ ಹತ್ತದಂತೆ ಹಚ್ಚುವ ಉಣುಗಿನ ಎಣ್ಣೆ ಹುಡುಕಿದಳು. ಬೇಸಿಗೆಯಲ್ಲಿ ಈ ಕಾಡಿನ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಜನವರಿಯಲ್ಲಿ ಆಶಾ ಕಾರ್ಯಕರ್ತೆ ಮೂರು ಬಾಟ್ಲಿ ಕೊಟ್ಟುಹೋಗಿದ್ದಳು. ಮೂರೂ ಕೊಟ್ಟಿಗೆಯ ಮಾಡಿನಲ್ಲಿ ಖಾಲಿ ಬಿದ್ದಿದ್ದವು.

“ಎರಡೂ ದನಕ್ಕೆ ಹಚ್ಚಿದೆ,” ಎಂದಳು ನಾಗಿ. “ಉಣುಗು ಹಿಡಿಯೂದು ದನಕ್ಕೆ. ನಂಗೆ ಎಂತಕ್ಕೆ? ಆ ನಾತಕ್ಕೆ ಊಟ ಸೇರೂದಿಲ್ಲ.”

ಡಿಸೆಂಬರಿನಲ್ಲಿ ಇದೇ ಎಣ್ಣೆಯ ಬಗ್ಗೆ ಮತ್ತಿಘಟ್ಟದ ಹೆಂಗಸರಿಗೆ ಅರ್ಧ ತಾಸು ಭಾಷಣ ಮಾಡಿದವಳು ಚೇತನಾ. ಸಿದ್ದಾಪುರಕ್ಕೆ ಹೋಗಿ ಬೇರೆ ತರಲು ಎರಡು ತಾಸು ಬೇಕು. ಸಂಜೆ ಐದಕ್ಕೆ ಅವಳ ಬಸ್ಸು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡಳು. ಮಗಳಿಗೆ ಉದ್ದ ಪ್ಯಾಂಟು ಹಾಕಿಸಿ ಸಾಕ್ಸಿನೊಳಗೆ ಸಿಕ್ಕಿಸಿದಳು. ನಾಗಿ ಬರಿಗಾಲಲ್ಲಿ ಹೊರಟಳು.

“ದಿನಾ ಹೋಗೂ ಬೆಟ್ಟಕ್ಕೆ ಬೂಟ್ಸು, ಬೆನ್ನಿಗೆ ಚೀಲ. ಕಂಡವ್ರು ನಗ್ತರು.”

“ಇದಕ್ಕೆ ಟ್ರೆಕ್ಕಿಂಗ್ ಅಂತಾರೆ ಅವ್ವ,” ಎಂದ ದರ್ಶನ.

“ಹಂಗಾರೆ ನಾ ನಲ್ವತ್ತು ವರ್ಷದಿಂದ ಟ್ರೆಕ್ಕಿಂಗು.”

ಮೇಲೆ ಬಂಡೆಯ ಮೇಲೆ ಕೂತು ಕೇಕು ಕತ್ತರಿಸಿದರು. ಅಂಚು ಸ್ವಲ್ಪ ಸೀದಿತ್ತು, ಒಳಗೆ ಮೆತ್ತಗಿತ್ತು. ಅನುಶ್ರೀ ಮೂರು ತುಂಡು ತಿಂದಳು.

ಇಳಿಯುವಾಗ ನಾಗಿ ಸೊಂಟದಿಂದ ಹಗ್ಗದ ಬಲೆ ಬಿಚ್ಚಿದಳು. ಬೆಟ್ಟಕ್ಕೆ ಹೋದ ಹೆಂಗಸು ಬರಿಗೈಯಲ್ಲಿ ಮನೆಗೆ ಬರುವುದು ಆ ಕಡೆ ಇಲ್ಲ. ಕೊಟ್ಟಿಗೆಗೆ ಹಾಸಲು ದರಕು, ಎಂದರೆ ಒಣ ಎಲೆ, ತರಲೇಬೇಕು. ಅವಳು ಕೂತು ಎರಡೂ ಕೈಯಲ್ಲಿ ಎಲೆ ಬಾಚಿದಳು. ಅನುಶ್ರೀ ಆ ರಾಶಿಯ ಮೇಲೆ ಹಾರಿದಳು. ಚೇತನಾ ಓಡಿ ಹೋಗಿ ಮಗಳನ್ನು ಎಳೆದುಕೊಂಡಳು. ಕತ್ತು, ಕಿವಿಯ ಹಿಂದೆ, ಮೊಣಕಾಲ ಸಂದು ಎಲ್ಲ ನೋಡಿದಳು. ಏನೂ ಇರಲಿಲ್ಲ. ಅತ್ತೆಗೆ ಬೇಡ ಎನ್ನಬೇಕಿತ್ತು. ಅಂದರೆ ವಾದವಾಗುತ್ತದೆ, ದಿನ ಹಾಳಾಗುತ್ತದೆ ಎಂದು ಸುಮ್ಮನಾದಳು. ನಾಗಿ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಇಳಿದಳು.

ಒಂಬತ್ತನೆಯ ದಿನ ದರ್ಶನ ಆಸ್ಪತ್ರೆಗೆ ಫೋನು ಮಾಡಿದ.

“ಅವ್ವಂಗೆ ಮೂರು ದಿನದಿಂದ ಜ್ವರ. ತಲೆ ಎತ್ತೂಕೆ ಆಗ್ತಿಲ್ಲ. ಕಣ್ಣು ಕೆಂಪಾಗದೆ.”

“ಮೂರು ದಿನ! ಮೊದಲೇ ಯಾಕೆ ಹೇಳಲಿಲ್ಲ?”

“ಅವ್ವನೇ ಹೇಳ್ಬೇಡ ಅಂತು. ಚೇತನಂಗೆ ರಜೆ ಇಲ್ಲ, ಸುಮ್ನೆ ಓಡಿ ಬತ್ತದೆ ಅಂತು.”

ಮಧ್ಯಾಹ್ನದೊಳಗೆ ನಾಗಿಯನ್ನು ಶಿರಸಿಗೆ ತಂದರು. ರಕ್ತ ಪರೀಕ್ಷೆಗೆ ಹೋಯಿತು. ಎರಡು ದಿನದ ಮೇಲೆ ಬಂದ ವರದಿ ಚೇತನಾ ಅಂದುಕೊಂಡದ್ದನ್ನೇ ಹೇಳಿತು: ಮಂಗನ ಕಾಯಿಲೆ. ಪ್ಲೇಟ್‌ಲೆಟ್ ದಿನಾ ಇಳಿಯುತ್ತಿತ್ತು. ವಸಡಿನಲ್ಲಿ ರಕ್ತ ಬಂತು. ಚೇತನಾಳ ಹಿರಿಯ ವೈದ್ಯ ಸುಭಾಷ್ ಚಾರ್ಟು ನೋಡಿ ಅವಳ ಕೈಗೇ ಕೊಟ್ಟರು.

“ನಿಂಗ ಗೊತ್ತೈತಲ್ಲಮ್ಮ. ಇದಕ್ಕ ಔಷಧ ಇಲ್ಲ. ನೀರು ಕೊಡೂದು, ಜ್ವರ ಇಳಸೂದು, ಕಾಯೂದು.”

“ಗೊತ್ತು ಸರ್.”

ಅವತ್ತಿನಿಂದ ರಜೆ ಬರೆದುಕೊಟ್ಟಳು. ಅದು ಮೂವತ್ತೊಂದನೆಯ ದಿನ. ಕೋಟು ತೆಗೆದಿಟ್ಟು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಕೋಟು ಇದ್ದಾಗಲೂ ಇಷ್ಟನ್ನೇ ಮಾಡುತ್ತಿದ್ದಳು: ನೀರು, ಒದ್ದೆ ಬಟ್ಟೆ, ಜ್ವರದ ಅಂಕಿ.

“ಇದ್ಕೆ ಒಂದು ಗುಳಿಗೆ ಇಲ್ಲನೇ ತಂಗಿ?”

“ಇಲ್ಲ ಅತ್ತೆ.”

“ಮತ್ತೆ ಅಷ್ಟು ದಪ್ಪ ಪುಸ್ತಕದಲ್ಲಿ ಎಂತ ಬರೆದಿದ್ರು?”

ಚೇತನಾಳಿಗೆ ನಗು ಬಂತು, ಕೂಡಲೇ ನಿಂತಿತು.

ಆಸ್ಪತ್ರೆಗೆ ಸೇರಿದ ಒಂಬತ್ತನೆಯ ದಿನಕ್ಕೆ ಜ್ವರ ಬಿಟ್ಟಿತು. ನಾಗಿ ಎದ್ದು ಕೂತು ಗಂಜಿ ಕುಡಿದಳು, ದನಕ್ಕೆ ಯಾರು ಹುಲ್ಲು ಹಾಕ್ತಾರೆ ಎಂದು ಮಗನನ್ನು ಬೈದಳು. ದರ್ಶನ ಮನೆಗೆ ಕರೆದೊಯ್ಯುವ ಮಾತಾಡಿದ. ಈ ಕಾಯಿಲೆಯ ಜ್ವರ ಕೆಲವರಿಗೆ ಬಿಟ್ಟು ಮತ್ತೆ ಬರುತ್ತದೆ, ಎರಡನೆಯ ಸಲ ಮಿದುಳಿಗೆ ಹೋಗಬಹುದು. ಚೇತನಾ ಅದನ್ನು ಅವನಿಗೆ ಹೇಳಲಿಲ್ಲ. ಇನ್ನೊಂದು ವಾರ ಇರಲಿ ಎಂದಷ್ಟೇ ಅಂದಳು.

ಐದು ದಿನ ಬಿಟ್ಟು ಮತ್ತೆ ಬಂತು. ನಾಗಿಗೆ ಜನರ ಗುರುತು ತಪ್ಪಿತು. ಮುಚ್ಚಳದ ಮೇಲಿನ ಕೆಂಡ ತೆಗಿ, ಸೀದು ಹೋಗ್ತದೆ ಎಂದು ಎರಡು ದಿನ ಹೇಳಿದಳು. ತೆಗೆದೆ ಅತ್ತೆ ಎಂದು ಚೇತನಾ ಪ್ರತಿ ಸಲ ಹೇಳಿದಳು. ಆಮೇಲೆ ನಾಗಿ ಏನೂ ಹೇಳಲಿಲ್ಲ. ಹದಿನೇಳನೆಯ ದಿನ ಮಧ್ಯಾಹ್ನ ಮೂರಕ್ಕೆ ತೀರಿಕೊಂಡಳು.

ದರಕು ಕೊಟ್ಟಿಗೆಯ ಮೂಲೆಯಲ್ಲಿ ಹಾಗೇ ಇತ್ತು. ದರ್ಶನ ಗದ್ದೆಗೆ ಒಯ್ದು ಸುಟ್ಟ. ದನ ನೋಡುವವರಿಲ್ಲದೆ ಎರಡನ್ನೂ ಮಂಚಿಕೇರಿಯ ನಾದಿನಿಯ ಮನೆಗೆ ಕಳಿಸಿದರು. ತಿಥಿ ಮುಗಿಯುವಷ್ಟರಲ್ಲಿ ಚೇತನಾಳ ರಜೆ ಒಟ್ಟು ಐವತ್ತೆಂಟು ದಿನವಾಯಿತು.

ಹೋದದ್ದು ಒಂದು ಜೀವ, ಎರಡು ದನ, ತರಬೇತಿಯ ಆರು ತಿಂಗಳು.