ಬಸ್ಸು ಹೋಗುವ ದಾರಿಯಲ್ಲಿ ಒಂದು ನಡಿಗೆ

ಸಾವಾದ ಮನೆಯ ಮುಂದೆ ಜನ ದನಿ ತಗ್ಗಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ತಗ್ಗಿಸುತ್ತಾರೆ. ಆದರೆ ಟೈಲರಕ್ಕನ ಮನೆಯ ಮುಂದೆ ತಗ್ಗಿದ ದನಿ ತಿಂಗಳುಗಳು ಕಳೆದರೂ ಮೇಲೇಳಲೇ ಇಲ್ಲ. ಶಾಲೆಯ ಸಮವಸ್ತ್ರ ಹೊಲಿಸಲು ಬಂದವರು ಅಳತೆ ಕೊಡುತ್ತಿದ್ದರು, ಗುಂಡಿ ಆರಿಸುತ್ತಿದ್ದರು, ಹೊರಡುತ್ತಿದ್ದರು. ಅವಳ ಮಗನ ಮಾತು ಎತ್ತುತ್ತಿರಲಿಲ್ಲ. ತಮ್ಮ ಮಕ್ಕಳ ಮಾತನ್ನೂ ಹೊಸ್ತಿಲ ಆಚೆಯೇ ಬಿಟ್ಟು ಬರುತ್ತಿದ್ದರು.

ಮಗ ಆತ್ಮಹತ್ಯೆಯಿಂದ ತೀರಿಕೊಂಡಿದ್ದ. ಅವನ ಅಪ್ಪ ಬಸ್ ಡ್ರೈವರ್. ಡಿಪೋದಲ್ಲಿ ಕೇಳಿದವರಿಗೆ "ಹೃದಯ ನಿಂತುಹೋಯ್ತು" ಎಂದಿದ್ದ. ಒಮ್ಮೆ ಹೇಳಿದ ಮೇಲೆ ಅದನ್ನೇ ಹೇಳುತ್ತಾ ಹೋದ. ಕೊನೆಗೆ ಮನೆಯೊಳಗೂ ಬೇರೆ ಮಾತಿಗೆ ಜಾಗ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು.

"ಅಕ್ಕಾ, ಈ ತೋಳು ಸ್ವಲ್ಪ ಸಡಿಲ ಮಾಡ್ಕೊಡಿ. ನಾನೇನೂ ದಪ್ಪ ಆಗಿಲ್ಲ, ಬಟ್ಟೆ ಕುಗ್ಗಿದೆ."

"ಹೌದಮ್ಮ, ಈ ಊರಲ್ಲಿ ಬರೀ ಬಟ್ಟೆನೇ ಕುಗ್ಗೋದು. ಯಾರೂ ದಪ್ಪ ಆಗಿದ್ದನ್ನ ನಾನು ಕಂಡಿಲ್ಲ."

ಬಹಳ ದಿನಗಳ ಮೇಲೆ ಟೈಲರಕ್ಕನ ಬಾಯಿಂದ ತಮಾಷೆ ಬಂದಿತ್ತು. ಅದೇ ಸಂದಿನಲ್ಲಿ ನರ್ಸಮ್ಮ ವಿಷಯ ತೆಗೆದಳು. ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡವರೆಲ್ಲ ಸೇರಿ ಸಮುದ್ರದ ದಂಡೆಯವರೆಗೆ ಒಂದು ವಾರ ನಡೆಯುತ್ತಾರೆ. ದಾರಿಯಲ್ಲಿ ಬಂದ ದೇಣಿಗೆ, ಸಂಕಟದಲ್ಲಿರುವವರ ಮಾತು ಕೇಳುವ ಸಹಾಯವಾಣಿಗೆ ಹೋಗುತ್ತದೆ. ಯಾರಿಗಾಗಿ ನಡೆಯುತ್ತಿದ್ದೇವೆ ಎಂದು ಪ್ರತಿಯೊಬ್ಬರೂ ಬೆನ್ನ ಮೇಲಿನ ಬಟ್ಟೆಯಲ್ಲಿ ಬರೆದುಕೊಂಡಿರುತ್ತಾರೆ.

ಸಂಜೆ ಟೈಲರಕ್ಕ ಗಂಡನಿಗೆ ಹೇಳಿದಳು.

"ಬೆನ್ನಿಗೆ ಬೋರ್ಡ್ ಹಾಕ್ಕೊಂಡು ಊರಿಗೆಲ್ಲ ಡಂಗುರ ಹೊಡೀತೀಯಾ?" ಎಂದ ಅವನು.

"ಡಂಗುರ ಅಲ್ಲ ಕಣ್ರೀ, ನಡೆಯೋದು."

"ಅದು ನನ್ನ ರೂಟು. ಕಂಡಕ್ಟರ್ ನೋಡ್ತಾನೆ, ಪ್ಯಾಸೆಂಜರ್ ನೋಡ್ತಾರೆ. ಮತ್ತೆ ಆ ಮಾತಿದೆಯಲ್ಲ, ಅದನ್ನ ಆಡಲೇಬಾರದು. ಕೇಳಿದವರ ತಲೆಗೂ ಹೊಕ್ಕುತ್ತೆ."

ಅವಳು ವಾದಿಸಲಿಲ್ಲ. ಬಿಳಿ ಬಟ್ಟೆಯ ಮೇಲೆ ನೀಲಿ ದಾರದಲ್ಲಿ 'ನನ್ನ ಮಗನಿಗಾಗಿ' ಎಂದು ಹೊಲಿದುಕೊಂಡಳು. ಹೊರಟಳು.

ಮೊದಲ ದಿನವೇ ಅಂಗಾಲಲ್ಲಿ ಬೊಬ್ಬೆ ಎದ್ದಿತು. ಜೊತೆಗೆ ನಡೆಯುತ್ತಿದ್ದ ನರ್ಸಮ್ಮ ಪಟ್ಟಿ ಸುತ್ತಿ, "ದಿನವಿಡೀ ಮೆಷಿನ್ ತುಳಿಯೋ ಕಾಲು ಇಷ್ಟಕ್ಕೇ ಸೋತ್ರೆ ಹೇಗೆ?" ಎಂದು ರೇಗಿಸಿದಳು. ದಿನಕ್ಕೆರಡು ಸಲ ಗಂಡನ ಬಸ್ಸು ಪಕ್ಕದಲ್ಲೇ ಹಾದುಹೋಗುತ್ತಿತ್ತು. ನಡೆಯುವವರನ್ನು ಕಂಡು ವೇಗ ತಗ್ಗಿಸುತ್ತಿದ್ದ. ಕತ್ತು ಮಾತ್ರ ಹೊರಳಿಸುತ್ತಿರಲಿಲ್ಲ.

"ನಿಮ್ಮ ಯಜಮಾನರಿಗೆ ಕತ್ತು ಹಿಡ್ಕೊಂಡಿದೆಯಾ?" ಎಂದಳು ನರ್ಸಮ್ಮ.

ಟೈಲರಕ್ಕ ನಕ್ಕಳು. "ನನ್ನ ಮೇಲೆ ಮುನಿಸು ಅಷ್ಟೆ. ಮನೇಲಿ ಈಗ ತುಂಬಾ ಮೆತ್ತಗಾಗಿದಾರೆ. ಮೊದಲು ತಮ್ಮ ರೇಡಿಯೋ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ, ಈಗ ಪಕ್ಕದ ಮನೆಯವರಿಗೇ ಕೊಟ್ಬಿಟ್ರು. ವಾಚ್ ಬಿಚ್ಚಿ ಕಂಡಕ್ಟರ್‌ಗೆ ಕೊಟ್ರು. ನನಗಿನ್ನು ಇವೆಲ್ಲ ಯಾಕೆ ಅಂತಾರೆ. ದುಃಖ ಮನುಷ್ಯನ್ನ ಎಷ್ಟು ಉದಾರಿ ಮಾಡುತ್ತೆ ನೋಡಿ."

ನರ್ಸಮ್ಮನ ಹೆಜ್ಜೆ ನಿಂತಿತು.

"ಅಕ್ಕಾ, ಅವರನ್ನ ಕೇಳಿದ್ರಾ?"

"ಏನಂತ?"

"ಸಾಯಬೇಕು ಅನ್ನಿಸ್ತಿದೆಯಾ ಅಂತ."

"ಬಿಡ್ತು ಅನ್ನಿ! ಇಲ್ಲದ ಯೋಚನೆ ನಾನೇ ತಲೆಗೆ ತುಂಬಿದ ಹಾಗಾಗಲ್ವಾ?"

"ಇಲ್ಲ ಅಕ್ಕಾ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಮೊದಲೇ ಇದ್ರೆ, ಹೇಳ್ಕೊಳ್ಳೋಕೆ ದಾರಿ ಆಗುತ್ತೆ. ಪ್ರೀತಿಯ ವಸ್ತುಗಳನ್ನೆಲ್ಲ ಹಂಚಿಬಿಡೋದು, ನನಗಿನ್ನು ಯಾಕೆ ಅನ್ನೋದು, ಇವನ್ನ ಹಗುರವಾಗಿ ತಗೋಬಾರದು. ನೇರವಾಗಿ ಕೇಳಿ. ಬುದ್ಧಿ ಹೇಳೋಕೆ ಹೋಗಬೇಡಿ, ಬೈಬೇಡಿ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ. ನನಗೆ ಫೋನ್ ಮಾಡಿ, ತಕ್ಷಣ ಬರ್ತೀನಿ."

ಟೈಲರಕ್ಕ ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟಳು. "ನನ್ನ ಮಗನ್ನ ನಾನು ಕೇಳ್ಲಿಲ್ಲ."

"ಕೇಳಬೇಕು ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಇಂಥ ಸಾವಿಗೆ ಒಂದೇ ಕಾರಣ ಇರಲ್ಲ ಅಕ್ಕಾ. ಆ ಹೊರೆ ನೀವೊಬ್ರೇ ಹೊರಬೇಡಿ."

ಅವಳು ಎದ್ದು ನಿಲ್ದಾಣದಲ್ಲಿ ನಿಂತಳು. ಗಂಡನ ಬಸ್ಸು ಬಂದಾಗ ಕೈ ಮಾಡಿದಳು.

"ಏನಕ್ಕಾ, ಬಸ್ ಹತ್ತಿದ್ರೆ ನಡಿಗೆ ಹೇಗಾಗುತ್ತೆ? ಸೋತ್ರಾ?" ಎಂದ ಕಂಡಕ್ಟರ್.

"ಸೋಲಲ್ಲಪ್ಪ. ನಿಲ್ಲಿಸಿದ ಜಾಗದಿಂದಲೇ ಮತ್ತೆ ನಡೀತೀನಿ," ಎಂದಳು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಟೀ ಕುಡಿಯಲು ಹೋದ. ಗಂಡ ಇನ್ನೂ ಸ್ಟೇರಿಂಗ್ ಹಿಡಿದೇ ಕುಳಿತಿದ್ದ. ಅವಳು ಅವನ ಹಿಂದಿನ ಸೀಟಿಗೆ ಬಂದಳು. ಮೇಲಿನ ಕನ್ನಡಿಯಲ್ಲಿ ಅವನ ಕಣ್ಣಷ್ಟೇ ಕಾಣುತ್ತಿತ್ತು.

"ರೀ, ಒಂದು ಮಾತು ಕೇಳ್ತೀನಿ. ನಿಮಗೂ ಸಾಯಬೇಕು ಅನ್ನಿಸ್ತಿದೆಯಾ?"

ಒರೆಸುವ ಬಟ್ಟೆ ತೆಗೆದು ಮುಂದಿನ ಗಾಜು ಒರೆಸಿದ. ಗಾಜು ಮೊದಲೇ ಸ್ವಚ್ಛವಾಗಿತ್ತು. ಅವಳಿಗೆ ಏನಾದರೂ ಹೇಳಿ ಆ ಮೌನವನ್ನು ಮುಚ್ಚಿಬಿಡಬೇಕೆನಿಸಿತು. ಹೇಳಲಿಲ್ಲ. ಮನೆಯ ಮೌನ ಮಾತಿಗೆ ಬಾಗಿಲು ಹಾಕಿತ್ತು; ಈ ಮೌನ ಮಾತಿಗಾಗಿ ಕಾಯುತ್ತಿತ್ತು.

"ಅನ್ನಿಸುತ್ತೆ," ಎಂದ ಕೊನೆಗೆ. "ದಿನಾ ಅನ್ನಿಸುತ್ತೆ."

ಅವಳು ಅವನ ಭುಜದ ಮೇಲೆ ಕೈಯಿಟ್ಟಳು.

"ಹೇಳಿದ್ರೆ ಸ್ಟೇರಿಂಗ್ ಕಿತ್ಕೋತಾರೆ ಕಣೇ. ಅದೂ ಹೋದ್ಮೇಲೆ ನನ್ನ ಹತ್ರ ಇನ್ನೇನಿದೆ?"

"ಸ್ವಲ್ಪ ದಿನ ಬೇರೆಯವರು ಓಡಿಸ್ಲಿ. ಬಸ್ಸಿಗೆ ಇನ್ನೊಬ್ಬ ಡ್ರೈವರ್ ಸಿಗ್ತಾನೆ. ನಾನು ನಿಮ್ಮನ್ನ ಎಲ್ಲಿ ಹುಡುಕ್ಲಿ?"

ಅವನು ಅತ್ತ. ಮಗ ಹೋದ ದಿನವೂ ಅತ್ತಿರಲಿಲ್ಲ.

ಅವಳು ಫೋನ್ ಮಾಡಿದಳು, ನರ್ಸಮ್ಮ ಬಂದಳು. ಅವನೇ ಕೀಲಿಯನ್ನು ಕಂಡಕ್ಟರ್ ಕೈಗಿಟ್ಟು, ಬೇರೆ ಡ್ರೈವರ್‌ನನ್ನು ಕರೆಸಲು ಹೇಳಿದ. ಮೂವರೂ ನೇರವಾಗಿ ಆಸ್ಪತ್ರೆಗೆ ಹೋದರು. ಡಾಕ್ಟರ್ ಅವಸರ ಮಾಡದೆ ಕೇಳಿಸಿಕೊಂಡರು, ಔಷಧಿ ಬರೆದರು, ಮತ್ತೆ ಮತ್ತೆ ಬಂದು ಮಾತಾಡಲು ಹೇಳಿದರು. ಮಗನ ವಿಷಯ ಹೇಳಿ ರಜೆ ಕೇಳಿದಾಗ ಡಿಪೋದ ಅಧಿಕಾರಿ, "ಮಗನಿಗೆ ಹೃದಯದ ತೊಂದರೆ ಅಂದಿದ್ಯಲ್ಲಪ್ಪ?" ಎಂದರು. "ಸುಳ್ಳು ಹೇಳಿದ್ದೆ ಸಾರ್," ಎಂದ. ಅವರು ಅವನನ್ನು ಕೂರಿಸಿ ನೀರು ಕೊಟ್ಟರು. ರಜೆ ಸಿಕ್ಕಿತು. ಡಾಕ್ಟರ್ ಸರಿ ಎಂದ ದಿನ ಕೆಲಸಕ್ಕೆ ಮರಳಬಹುದು ಎಂಬ ಮಾತೂ ಸಿಕ್ಕಿತು.

ಟೈಲರಕ್ಕ ಗಂಡನ ಜೊತೆ ಮನೆಯಲ್ಲೇ ಉಳಿದಳು. ಜೊತೆಗೆ ನಡೆದಿದ್ದವರು ಸಮುದ್ರ ಮುಟ್ಟಿ, ತಮ್ಮ ತಮ್ಮ ಮನೆ ಸೇರಿದರು.

ಮದ್ದು ಹಿಡಿಯಿತು, ಮಾತೂ ಹಿಡಿಯಿತು. ಒಂದೇ ಏಟಿಗಲ್ಲ, ಸ್ವಲ್ಪ ಸ್ವಲ್ಪವಾಗಿ. ಕೆಲವು ದಿನ ಹಾಸಿಗೆ ಬಿಟ್ಟೇಳುವುದೇ ಕಷ್ಟವಾಗುತ್ತಿತ್ತು. ಒಂದು ದಿನ ಅವನೇ ಕೇಳಿದ: "ನಿನ್ನ ನಡಿಗೆ ಎಲ್ಲಿಗೆ ನಿಂತಿತ್ತು?"

ನಿಂತ ಜಾಗದಿಂದಲೇ ಇಬ್ಬರೂ ಹೊರಟರು. ಮೈಕಿಲ್ಲ, ಚಪ್ಪಾಳೆಯಿಲ್ಲ. ಬೆನ್ನ ಬಟ್ಟೆಯಲ್ಲಿ 'ನನ್ನ' ಹೋಗಿ 'ನಮ್ಮ' ಬಂದಿತ್ತು. ವರ್ಷಗಳಿಂದ ಓಡಿಸಿದ ರಸ್ತೆಯಲ್ಲಿ ಇಷ್ಟೊಂದು ಏರು ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. "ಗೇರ್ ಬದಲಾಯಿಸಿ," ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು.

ಸಮುದ್ರದ ಹತ್ತಿರದ ಟೀ ಅಂಗಡಿಯಲ್ಲಿ ಅಂಗಡಿಯಾಕೆ ಬೆನ್ನ ಬರಹ ಓದಿದಳು. "ಮಗನಿಗೆ ಏನಾಗಿತ್ತು ಅಣ್ಣಾ?"

"ಆತ್ಮಹತ್ಯೆಯಿಂದ ಹೋದನಮ್ಮ," ಎಂದ ಅವನು. "ಒಳ್ಳೆ ಹುಡುಗ. ಮನೆಯವರನ್ನೆಲ್ಲ ಅಣಕಿಸಿ ನಗಿಸ್ತಿದ್ದ. ನನ್ನ ಹಾಗೇ ಹಾರ್ನ್ ಹೊಡೆದು ತೋರಿಸ್ತಿದ್ದ, ಬಾಯಲ್ಲೇ."

ಅಂಗಡಿಯಾಕೆ ತೊಳೆಯುತ್ತಿದ್ದ ಲೋಟ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: "ನನ್ನ ತಂಗಿ ಇತ್ತೀಚೆಗೆ ಯಾರ ಹತ್ರನೂ ಮಾತಾಡ್ತಿಲ್ಲ."

ಟೈಲರಕ್ಕ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. ಸಮುದ್ರ ಕೂಗಳತೆಯಲ್ಲೇ ಇತ್ತು. ಅವರು ಅದನ್ನು ಮುಟ್ಟಿದಾಗ ಬಿಸಿಲು ಇಳಿದಿತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ತೀರಾ ಸುಮ್ಮನಾಗಿರಬಹುದು. ಇವತ್ತೇ ಅವರ ಪಕ್ಕ ಕುಳಿತು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೂ ಎದ್ದು ಹೋಗಬೇಡಿ. ಹೌದು ಎಂದರೆ ಜೊತೆಗಿರಿ, ಆಸ್ಪತ್ರೆಗೆ ಕರೆದೊಯ್ಯಿರಿ, ಸಹಾಯವಾಣಿಗೆ ಕರೆ ಮಾಡಿ. ಆ ಒಬ್ಬರು ನೀವೇ ಆಗಿದ್ದರೆ, ನಿಮ್ಮನ್ನು ಯಾರಾದರೂ ಕೇಳಲಿ ಎಂದು ಕಾಯಬೇಡಿ. ನಂಬುವ ಒಬ್ಬರಿಗೆ ಹೇಳಿ. ಹೇಳುವುದು ಸೋಲಲ್ಲ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಸಿಗುವುದಿಲ್ಲ.