ಬೆರಳೊತ್ತುವ ಕೆಲಸ

"ಮತ್ತೆ ತುದಿ ಹಾರಿಸಿದ್ಯೇನೇ, ದರಿದ್ರದವ್ಳೇ! ಕಣ್ಣೇನು ಮನೇಲಿಟ್ಟು ಬಂದಿದ್ಯಾ?"

ಸಾಹುಕಾರ ಮರದ ಹಲಗೆಯನ್ನು ನನ್ನ ಅತ್ತಿಗೆಯ ಎದೆಗೆ ಒಗೆದ.

ಹಲಗೆಯಲ್ಲಿ ಕೊರೆದ ಬಳ್ಳಿ ನೆಟ್ಟಗೇ ಇತ್ತು. ಕೂದಲೆಳೆಯಷ್ಟು ಸಣ್ಣ ಕುಡಿ ಮಾತ್ರ ಚಕ್ಕೆಯೆದ್ದು ಹೋಗಿತ್ತು. ಕೆಂಪು ಮರದಲ್ಲಿ ಈ ಬಳ್ಳಿ ಕೊರೆದು ಬಿಳಿ ಮರದ ಮೇಜಿನೊಳಗೆ ಕೂರಿಸಬೇಕು. ಯಾವನೋ ದೊಡ್ಡ ಮನುಷ್ಯ ಊಟಕ್ಕೆ ಕೂರುವ ಮೇಜು.

ಚಕ್ಕೆ ಏಳದ ಹಾಗೆ ಕೊರೆಯುವುದು ಬ್ರಹ್ಮವಿದ್ಯೆಯೇನಲ್ಲ. ಹಲಗೆಗೆ ತೆಳ್ಳಗೆ ಅಂಟು ಬಳಿದು ಒಣಗಲು ಬಿಡಬೇಕು. ಮೇಲೆ ಕಾಗದದ ಟೇಪು ಅಂಟಿಸಿ, ಗಿರಗಿರ ತಿರುಗಿ ಮರ ಕೊರೆಯುವ ಮೊನೆ, ಅಂದರೆ ಬಿಟ್, ಹೊಸದು ಹಾಕಿ, ಬಳ್ಳಿಯ ಗೆರೆಯಲ್ಲಿ ತಾನೇ ಸಾಗುವ ಮಿಷನ್ನನ್ನು ನಿಧಾನಕ್ಕೆ ಓಡಿಸಬೇಕು. ಸಾಹುಕಾರನಿಗೂ ಇದು ಗೊತ್ತು. ಆದರೆ ಅಂಟು ಒಣಗುವ ತನಕ ಮಿಷನ್ ಸುಮ್ಮನೆ ನಿಂತರೆ ಅವನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ಅದಕ್ಕೆ ಅವನು ಕಂಡುಕೊಂಡ ಉಪಾಯವೇ ನಾವು, ಇಲ್ಲಿ ಕೂಲಿಗಿರುವ ಐವರು ಹೆಂಗಸರು. ಬಿಟ್ ಹತ್ತಿರ ಬಂದಾಗ ಒಬ್ಬಳು ಆ ಕುಡಿಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಬಿಟ್ ಉಗುರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಮರ ಉಳಿಯುತ್ತದೆ.

ಅತ್ತಿಗೆಯ ಬಲಗೈಯ ತೋರುಬೆರಳು, ನಡುಬೆರಳು ಹೋದದ್ದು ಹಾಗೆಯೇ. ಆವತ್ತು ಸಾಹುಕಾರ ಮೊದಲು ಒರೆಸಿದ್ದು ಹಲಗೆಯನ್ನು.

"ಎಡಗೈ ಇದೆಯಲ್ಲ, ಅದ್ರಲ್ಲಿ ಒತ್ತು," ಎಂದ ಈಗ.

"ಮಗಳ ಜಡೆ ಹಾಕೋದು, ತುತ್ತು ಎತ್ತೋದು ಎಲ್ಲಾ ಇದ್ರಲ್ಲೇ ಸಾಹುಕಾರ್ರೇ. ಇದೂ ಹೋದ್ರೆ?"

"ಹೋದ್ರೆ ಬಾಯಿ ಇದೆಯಲ್ಲ. ನಾಯಿ ಥರ ತಿನ್ನು."

ಅವನೊಬ್ಬನೇ ನಕ್ಕ.

ಅತ್ತಿಗೆ ಬೇರೆ ಹಲಗೆ ಬಿಗಿದು ಎಡಗೈ ಚಾಚಿದಳು. ಸ್ವಿಚ್ಚಿನ ಬಳಿ ನಿಲ್ಲುವುದು ನನ್ನ ಕೆಲಸ, ಹಾಕಿದೆ. ಬಿಟ್ ಕಿರುಚುತ್ತಾ ಅವಳ ಬೆರಳಿನ ಕಡೆ ತಿರುಗಿದ್ದೇ ನನಗೆ ತಡೆಯಲಾಗಲಿಲ್ಲ, ಮಿಷನ್ ಆರಿಸಿಬಿಟ್ಟೆ. ಅರ್ಧಕ್ಕೆ ನಿಂತ ಬಿಟ್ ಬಳ್ಳಿಯ ಮೇಲೆ ಸುಟ್ಟ ಕಲೆ ಮಾಡಿತು. ಆ ಹಲಗೆ ಇನ್ನು ಒಲೆಗೇ ಸೈ.

"ನಿನ್ನವ್ವನ್! ಯಾರಪ್ಪನ ಮರ ಅಂತ ನಿಲ್ಲಿಸ್ದೆ?" ನನ್ನ ಕೆನ್ನೆಗೆ ಬಾರಿಸಿದ. ಸೀದಾ ಹೋಗಿ ಶಟರ್ ಎಳೆದು, ಒಳಗಿನಿಂದ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ಕೆಲ್ಸ ಮುಗಿಯೋವರ್ಗೂ ಒಬ್ಳೂ ಆಚೆ ಹೋಗೋ ಹಾಗಿಲ್ಲ. ಉಚ್ಚೆಗೂ ಇಲ್ಲ."

ಹೊಸ ಹಲಗೆ ಬಿಗಿದು ತಾನೇ ಮಿಷನ್ ಚಾಲೂ ಮಾಡಿದ.

"ಒತ್ರೇ!"

ಅತ್ತಿಗೆ ನೆಲದ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಅವಳ ಪಕ್ಕ ನಾನು ಕೂತೆ. ಆಮೇಲೆ ಪಾಲಿಶ್ ಹಾಕುವ ಅಜ್ಜಿ, ಗರಗಸದ ಅಕ್ಕತಂಗಿಯರು. ಬಿಟ್ ಮೊದಲ ಕುಡಿಗೆ ತಾಗಿದ್ದೇ ಚಕ್ಕೆ ಸಿಡಿದು ಸಾಹುಕಾರನ ಹುಬ್ಬಿಗೆ ಬಡಿಯಿತು. ರಕ್ತ ಬಂತು.

"ಏಳ್ರೇ ಬೇವರ್ಸಿಗಳಾ! ಕಿವಿ ಸತ್ತೋಗಿದ್ಯಾ?"

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಮಿಷನ್ ಕಡೆ ಹೋಗಲಿಲ್ಲ, ಹೋಗಿ ಶಟರಿಗೆ ಬೆನ್ನು ಕೊಟ್ಟು ನಿಂತಳು. ಅಕ್ಕತಂಗಿಯರು ಅವನ ಎರಡೂ ಬದಿಗೆ ಬಂದರು. ಸಾಹುಕಾರ ನಮ್ಮನ್ನೆಲ್ಲ ಒಮ್ಮೆ ನೋಡಿದ. ಅವನ ಕೈ ಜೇಬಿನಲ್ಲಿ ಕೀಲಿ ತಡಕಾಡತೊಡಗಿತು. ಓಡುತ್ತಿದ್ದ ಮಿಷನ್ ಅವನು ಆರಿಸದ ಹಾಗೆ ನಾನು ಸ್ವಿಚ್ಚಿಗೆ ಅಡ್ಡ ನಿಂತೆ.

"ಬನ್ನಿ ಸಾಹುಕಾರ್ರೇ," ಅತ್ತಿಗೆ ಎದ್ದು ಬಂದು ಅವನ ಮುಂಗೈ ಹಿಡಿದಳು. "ಮುಂದಿನ ಕುಡಿ ಬರ್ತಾ ಇದೆ."