ಆವಿನ ಗವಿಗೊಂದು ತಿದ್ದುಪಡಿ

ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದ ಎದುರು ಉಷಾರಾಣಿ ಡಿಟಿಪಿ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷದಲ್ಲಿ ಅವಳು ತಾಲ್ಲೂಕಿನ ಜನರ ನಾಲಿಗೆಯಿಂದ ಉದುರಿಹೋದ ಹಕಾರಗಳನ್ನೆಲ್ಲ ಹೆಕ್ಕಿ ಹೆಕ್ಕಿ ಅರ್ಜಿಗಳಲ್ಲಿ ಕೂರಿಸಿದ್ದಳು. ‘ಅಳ್ಳಿ’ಗೆ ದಾರಿ ಬೇಕೆಂದು ಬಂದವರು ‘ಹಳ್ಳಿ’ಗೆ ದಾರಿ ಕೇಳಿಕೊಂಡು ಹೋಗುತ್ತಿದ್ದರು. ‘ನಮ್ಮ ಅಸು ಹೋಯ್ತು’ ಎಂದು ಕಣ್ಣೊರೆಸಿಕೊಂಡು ಬಂದವರನ್ನು, ಹೋದದ್ದು ಹಸುವೋ ಅಸುವೋ ಎಂದು ವಿಚಾರಿಸಿಕೊಂಡೇ ಕೀಲಿಮಣೆಗೆ ಕೈ ಹಚ್ಚುತ್ತಿದ್ದಳು. ಎರಡಕ್ಕೂ ನಮೂನೆ ಬೇರೆ.

ಇದು ಹೊಟ್ಟೆಪಾಡು. ಖುಷಿಗೆ ಅಂತ ಅವಳು ತಿಂಗಳಿಗೊಂದು ಹಾಳೆ ತರುತ್ತಿದ್ದಳು. ಹೆಸರು ‘ರವಿ ಕಾಣದ್ದು’. ರವಿ ಕಾಣದ್ದನ್ನು ಕವಿ ಕಂಡ ಎಂಬ ಗಾದೆಯಲ್ಲಿ ಕವಿಯನ್ನು ಎಬ್ಬಿಸಿ ಅದೇ ಕುರ್ಚಿಯಲ್ಲಿ ಗವಿಯನ್ನು ಕೂರಿಸಿದ್ದಕ್ಕೆ ಆ ಹೆಸರು. ಪಕ್ಕದ ಮೊಬೈಲ್ ಅಂಗಡಿಯ ರವಿ ಮಾತ್ರ, ತಾನು ಕಾಣದ್ದು ಏನಿದೆ ಎಂದು ಮೂರು ತಿಂಗಳು ಮುನಿಸಿಕೊಂಡಿದ್ದ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಬಂಡೆಯ ಮೇಲೆ ಬಂಡೆ ಕೂತಿರುವ ಗುಡ್ಡಗಳಿಗೆ ಬರವಿಲ್ಲ. ಆ ಬಂಡೆಗಳ ಸಂದಿಯಲ್ಲಿ ಗವಿಗಳು. ಆ ಗವಿಗಳಲ್ಲಿ ಭಾನುವಾರ ಬಂತೆಂದರೆ ಹೊಟ್ಟೆಯ ಮೇಲೆ ತೆವಳುವ ಮೂವತ್ತು ಜನ. ಹಳೇ ಟೈರು ಕತ್ತರಿಸಿ ಮೊಣಕಾಲಿಗೆ ಕಟ್ಟಿಕೊಂಡವರು, ಬೋರ್‌ವೆಲ್ ಹಗ್ಗ ಹೆಗಲಿಗೆ ಹಾಕಿಕೊಂಡವರು. ತಮ್ಮನ್ನು ಗವಿ ಬಳಗ ಎಂದು ಕರೆದುಕೊಳ್ಳುತ್ತಿದ್ದರು. ಯಾರು ಎಲ್ಲಿ ಹೊಸ ಸಂದಿ ಕಂಡರು, ಯಾರಿಗೆ ಬಾವಲಿ ಮುತ್ತಿಕ್ಕಿತು ಎಂಬುದೆಲ್ಲ ಹಾಳೆಯಲ್ಲಿ ಬರುತ್ತಿತ್ತು. ‘ಕಟ್ಟೆಮಳಲವಾಡಿಯ ಲಿಂಗಣ್ಣನವರು ಬಂಡೆಸಂದಿಯಲ್ಲಿ ಎರಡು ಗಂಟೆ ಸಿಕ್ಕಿಕೊಂಡಿದ್ದು, ಬೆಳಗಿನ ತಿಂಡಿ ಕರಗಿದ ಮೇಲೆ ಬಿಡುಗಡೆ ಹೊಂದಿದರು’ ಎಂಬ ವಾರ್ತೆಯನ್ನು ಲಿಂಗಣ್ಣನೇ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದ. ಹಾಳೆ ಹಂಚುವವನು ಬಸ್ ಕಂಡಕ್ಟರ್ ನಂಜಣ್ಣ. ಟಿಕೆಟ್ ಚೀಲದಲ್ಲಿ ಸುರುಳಿ ಸುತ್ತಿಕೊಂಡು ಹೋಗಿ, ಹುಣಸೂರಿನಲ್ಲಿ ಇಷ್ಟು, ಕೆ.ಆರ್. ನಗರದಲ್ಲಿ ಅಷ್ಟು ಅಂತ ಇಳಿಸುತ್ತಿದ್ದ. ಪಿರಿಯಾಪಟ್ಟಣದ್ದು ಇನ್ನೊಂದು ಬಸ್ಸಿಗೆ ದಾಟುತ್ತಿತ್ತು.

ಬಳಗಕ್ಕೆ ಗುರು ಎಂದರೆ ಸಿದ್ದಿ. ಸರಗೂರಿನಾಚೆ ಕಾಡಂಚಿನ ಆದಿವಾಸಿ ಹಾಡಿಯವಳು, ಐವತ್ತರ ಆಸುಪಾಸು. ರಾಗಿ ಹೊಲ ಅಷ್ಟಿಷ್ಟು, ಉಳಿದ ದಿನ ಕೊಡಗಿನ ಕಾಫಿ ತೋಟದ ಕೂಲಿ. ಗವಿಯ ಬಾಯಲ್ಲಿ ಕೋಲಿನಿಂದ ಮೂರು ಸಲ ಕುಟ್ಟಿ ಕಾಯಬೇಕು, ಒಳಗಿನ ಗಾಳಿ ಮೂಸಿ ಯಾರಿದ್ದಾರೆಂದು ತಿಳಿಯಬೇಕು, ಚಳಿಗಾಲದಲ್ಲಿ ಕೆಲವು ಗವಿಗಳಿಗೆ ಹೋಗಲೇಬಾರದು ಎಂದು ಬಳಗಕ್ಕೆ ಕಲಿಸಿದವಳು ಅವಳೇ. ಹಾಡಿಯ ಹಿಂದಿನ ಗುಡ್ಡದ ಗವಿ ಅಂಥದ್ದು. ಚಳಿ ಬಿದ್ದರೆ ಅದು ಹಾವುಗಳ ಮನೆ.

ಹೋದ ವರ್ಷ ಉಷಾ ಒಂದು ಚೇಷ್ಟೆ ಮಾಡಿದ್ದಳು. ಅವಳಿಗೆ ಚಿಕ್ಕಂದಿನಿಂದ ಅಣಕದ ಚಾಳಿ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ರಿವರ್ಸ್ ತೆಗೆಯುವ ಬಸ್ಸಿನ ಹಿಂದೆ ‘ಬರ್ಲಿ ಬರ್ಲಿ’ ಎನ್ನುವವನವರೆಗೆ ಅವಳ ಗಂಟಲಲ್ಲಿ ಇಳಿಯದವರಿಲ್ಲ. ಎಲ್ಲರ ಅರ್ಜಿಗೂ ಹಕಾರ ತೊಡಿಸುವವಳು, ಹಾಳೆಯಲ್ಲಿ ಮಾತ್ರ ‘ಸಿದ್ದಕ್ಕನ ಮಾತು’ ಎಂಬ ತಲೆಬರಹ ಕೊಟ್ಟು, ಅವಳು ಆಡಿದ್ದನ್ನು ಆಡಿದ ಹಾಗೇ ಅಚ್ಚು ಹಾಕಿದಳು. ‘ಆವಿನ ಗವಿ’ ಎಂದೇ ಹಾಕಿದಳು. ನಾಲ್ಕು ತಾಲ್ಲೂಕು ನಕ್ಕಿತು.

ನಗದೆ ಓದಿದವರೂ ಇದ್ದರು ಎಂದು ಜನವರಿಯಲ್ಲಿ ಗೊತ್ತಾಯಿತು. ರಾಜ್ಯ ಗುಹಾನ್ವೇಷಕರ ಮಹಾಮಂಡಳಿ ಎಂಬ ಸಂಸ್ಥೆಯ ಕಾರ್ಯದರ್ಶಿ ಚೇತನ್‌ಕುಮಾರ್ ಕಾಗದ ಬರೆದಿದ್ದರು. ಕಾಗದದಲ್ಲಿ ಸಿಹಿ ಮೊದಲು. ಬಳಗವನ್ನು ಮಹಾಮಂಡಳಿಗೆ ಸೇರಿಸಿಕೊಳ್ಳಲಾಗುವುದು. ಮೂವತ್ತು ಹೆಲ್ಮೆಟ್, ಮೂವತ್ತು ತಲೆದೀಪ, ಹಗ್ಗ. ‘ರವಿ ಕಾಣದ್ದು’ ಇನ್ನು ಮುಂದೆ ಮಹಾಮಂಡಳಿಯ ಪತ್ರಿಕೆಯ ಬಣ್ಣದ ಪುಟ, ಸಂಪಾದಕಿ ಎಂ. ಉಷಾರಾಣಿ, ಎಂ.ಎ. ಉಷಾ ಆ ಸಾಲನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನಾಲ್ಕು ಬಗೆಯ ಅಕ್ಷರದಲ್ಲಿ ನೋಡಿಕೊಂಡಳು. ನಾಲ್ಕೂ ಚೆನ್ನಾಗಿದ್ದವು.

ಕೆಳಗೆ ಒಂದು ಷರತ್ತು. ಡಿಸೆಂಬರಿನಲ್ಲಿ ಮಹಾಮಂಡಳಿಯ ತಂಡ ಸರಗೂರಿನಾಚೆ ಒಂದು ಗುಹೆಯನ್ನು ‘ಮೊದಲ ಬಾರಿಗೆ’ ಹೊಕ್ಕಿದೆ. ಸ್ಥಳೀಯರು ಅದನ್ನು ‘ಆವಿನ ಗವಿ’ ಎನ್ನುವುದಾಗಿ ತಮ್ಮ ಹಾಳೆಯಿಂದಲೇ ತಿಳಿದಿದೆ. ಹಳಗನ್ನಡದಲ್ಲಿ ಆವು ಎಂದರೆ ಗೋವು. ಗೋಡೆಯ ಮೇಲೆ ಹಾಲಿನ ಧಾರೆಯಂಥ ಬಿಳಿ ಗೆರೆಗಳಿವೆ. ಆದ್ದರಿಂದ ‘ಗೋಮುಖ ಗುಹೆ’ ಎಂದು ಹೆಸರಿಟ್ಟು, ಮೆಟ್ಟಿಲು, ಕಂಬಿ, ಫಲಕಗಳೊಂದಿಗೆ ಪ್ರವಾಸಿ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಲಾಗುತ್ತಿದೆ. ಒಳಗಿನ ಹಸುವಿನ ಬಾಯಿಯಂಥ ಬಿಲದಲ್ಲಿ ಕೈಯಿಟ್ಟು ಹರಕೆ ಕೇಳುವುದು ಇಲ್ಲಿಯ ಸಂಪ್ರದಾಯವಿರಬಹುದು. ಬಳಗದ ವಾರ್ಷಿಕ ಸಭೆಯಲ್ಲಿ ದಾಖಲೆ ಪುಸ್ತಕ ತರುತ್ತೇವೆ, ತಾವು ಸಮ್ಮತಿಯ ಸಹಿ ಹಾಕಬೇಕು.

ಹಾಲಿನ ಧಾರೆ ಗೂಬೆಯ ಹಿಕ್ಕೆ ಎಂದು ಉಷಾಗೆ ಗೊತ್ತಿತ್ತು. ಮೊದಲು ನಗು ಬಂತು. ಕೈಯಿಡುವ ಸಾಲನ್ನು ಎರಡನೇ ಸಲ ಓದಿದಾಗ ಚಳಿಗಾಲದ ಹಾವುಗಳು ನೆನಪಾದವು. ಮಾರನೆಯ ದಿನ ಅಂಗಡಿಗೆ ಬಾಗಿಲು ಹಾಕಿ ಹಾಡಿಗೆ ಹೋದಳು.

ಸಿದ್ದಿ ರಾಗಿ ಕೇರುತ್ತಿದ್ದಳು. ಕಾಗದವನ್ನು ಪೂರ್ತಿ ಓದಿಸಿಕೊಂಡು, ಮೊರವನ್ನು ಪಕ್ಕಕ್ಕಿಟ್ಟಳು.

“ಉಸಾ, ನಾನು ಆವು ಅಂದ್ರೆ ಬುಸ್ ಅನ್ನೋದೋ ಅಂಬಾ ಅನ್ನೋದೋ, ನಿಂಗೆ ಗೊತ್ತಿತ್ತಾ ಇಲ್ವಾ?”

“ಗೊತ್ತಿತ್ತು ಸಿದ್ದಕ್ಕ.”

“ಮತ್ಯಾಕೆ ಅಂಗೇ ಬರುದೆ?”

ಹಾಗೆ ಬರೆದರೇ ಅಂದ, ಅದೇ ಮಣ್ಣಿನ ಮಾತು ಎಂದೆಲ್ಲ ಹೇಳಲು ಉಷಾಳ ಬಾಯಲ್ಲಿ ಎಂ.ಎ. ತಯಾರಾಗಿ ನಿಂತಿತ್ತು. ಆದರೆ ಸಿದ್ದಿ ಕಣ್ಣು ಕದಲಿಸದೆ ನೋಡುತ್ತಿದ್ದಳು.

“ನಗ್ಲಿ ಅಂತ.”

“ನಕ್ರಾ?”

“ನಕ್ರು.”

“ಸರಿ ಬುಡು. ನಕ್ಕೋರು ನಕ್ರು. ಈಗ ಕೈ ಇಕ್ಕೋಕೆ ಬತ್ತಾರೆ. ಯಾರ್ಗೋ ಕಚ್ತದೆ. ಕಚ್ಚಿದ್ ಮ್ಯಾಕೆ ಗವಿ ಬಾಯ್ಗೆ ಸಿಮೆಂಟು ಮೆತ್ತಾರೆ. ಆವೂ ಒಳಗೆ. ಅಲ್ಲಿ ನಂದೂ ಒಂದದೆ, ಅದೂ ಒಳಗೆ.” ಮತ್ತೆ ಮೊರ ಎತ್ತಿಕೊಂಡಳು. “ಬಿಸಾಡಿದ್ದು ನೀನು. ನೀನೇ ಎತ್ಕ.”

ಅವಳದ್ದು ಅಲ್ಲೇನಿದೆ ಎಂದು ಕೇಳುವ ಧೈರ್ಯ ಉಷಾಗೆ ಆಗಲಿಲ್ಲ.

ವಾರ್ಷಿಕ ಸಭೆ ಹುಣಸೂರಿನ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಬ್ಯಾನರಿಗೆ ಉಷಾ ‘ಗವಿಗೋಷ್ಠಿ’ ಎಂದು ಬರೆದುಕೊಟ್ಟಿದ್ದಳು. ಬ್ಯಾನರ್ ಅಂಗಡಿಯವನು, ಪಾಪ ಅಕ್ಷರ ತಪ್ಪಿರಬೇಕೆಂದು ‘ಕವಿಗೋಷ್ಠಿ’ ಮಾಡಿದ್ದ. ಅದನ್ನು ನೋಡಿ ಕೆ.ಆರ್. ನಗರದ ನಿವೃತ್ತ ಮೇಷ್ಟ್ರು ಚೆಲುವಯ್ಯ ಕವನ ಮಡಿಚಿ ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದೇಬಿಟ್ಟರು. ವಿಷಯ ತಿಳಿದ ಮೇಲೂ, ಬಂದದ್ದಾಯಿತು, ಉಪ್ಪಿಟ್ಟು ಚೆನ್ನಾಗಿದೆ ಎಂದು ಕೂತರು.

ಹೆಲ್ಮೆಟ್ಟುಗಳು ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಬಳಗದವರು ಒಬ್ಬೊಬ್ಬರೇ ಬಂದು, ಮುಟ್ಟಿ ನೋಡಿ, ಏನೂ ಮಾಡದವರಂತೆ ದೂರ ಸರಿಯುತ್ತಿದ್ದರು. ನಂಜಣ್ಣನಿಗೆ ಮಾತ್ರ ನಾಚಿಕೆಯಿರಲಿಲ್ಲ. ಅವನ ಬೋಳುತಲೆಯಲ್ಲಿ ನಾಲ್ಕು ತಾಲ್ಲೂಕಿನ ಬಂಡೆಗಳ ಗುರುತೂ ಇತ್ತು. ಬಂದವನೇ ಒಂದು ಕೆಂಪು ಹೆಲ್ಮೆಟ್ ಏರಿಸಿ, ಪಟ್ಟಿ ಬಿಗಿದು, ಹಾಗೇ ಉಪ್ಪಿಟ್ಟು ತಿಂದ.

ಚೇತನ್‌ಕುಮಾರ್ ಕೆಟ್ಟ ಮನುಷ್ಯನಲ್ಲ. ಮೈತುಂಬ ಕಿತ್ತಳೆ ಬಣ್ಣದ ಉಡುಪು, ಬಾಯಿತುಂಬ ಒಂದಕ್ಷರ ಬೀಳದ ಕನ್ನಡ. ಬರುವಾಗ ಬಸ್ಸಿನಲ್ಲಿ ಉಷಾ ಕಾಗದದಲ್ಲಿದ್ದ ಆ ಕನ್ನಡವನ್ನು ಅಣಕಿಸಿ ಬಸ್ಸನ್ನೆಲ್ಲ ನಗಿಸಿದ್ದಳು. ಸಭೆಯಲ್ಲೂ ಅದನ್ನೇ ಮಾಡಿ ಅವರನ್ನು ಓಡಿಸುವ ಯೋಚನೆಯಿತ್ತು. ಅವರು ದಾಖಲೆ ಪುಸ್ತಕ ಬಿಚ್ಚಿ ಓದಿದರು. ಗುಹೆಯ ಹೆಸರು, ಗೋಮುಖ. ಮೊದಲು ಒಳಹೊಕ್ಕವರು, ಮಹಾಮಂಡಳಿಯ ತಂಡ. ಪೆನ್ನನ್ನು ಉಷಾಳ ಕಡೆ ಚಾಚಿದರು.

ಅದು ಗೋವಲ್ಲ, ಹಾವು ಎಂದಳು ಉಷಾ. ಅವರು ಬೇಸರಪಡದೆ ಚೀಲದಿಂದ ಒಂದು ಹಾಳೆ ತೆಗೆದರು. ಲ್ಯಾಮಿನೇಷನ್ ಮಾಡಿಸಿದ್ದರು. ಅವಳದೇ ಹಾಳೆ, ಅವಳೇ ಆರಿಸಿದ ದಪ್ಪಕ್ಷರ. ಹಿಂದಿನಿಂದ ಚೆಲುವಯ್ಯ ಮೇಷ್ಟ್ರು, ಆವು ಎಂದರೆ ಹಸು ಎನ್ನುವುದು ಸರಿಯೇ, ಆದರೆ ಹುತ್ತದ ಪಕ್ಕ ನಿಂತು ಹಳಗನ್ನಡ ಆಡಬಾರದು ಎಂದರು. ಸಭೆ ನಕ್ಕಿತು. ಉಷಾ ನಗಲಿಲ್ಲ. ಆ ಅಚ್ಚು ತನ್ನದೇ ತಪ್ಪು, ನಗಿಸುವುದಕ್ಕೆ ಮಾಡಿದ್ದು ಎಂದು ಎಲ್ಲರ ಮುಂದೆ ಒಪ್ಪಿಕೊಂಡಳು.

ಚೇತನ್‌ಕುಮಾರ್ ಮೆತ್ತಗಾದರು. ಆದರೆ ನಿಯಮ ನಿಯಮವೇ ಎಂದರು. ಮೊದಲು ಒಳಹೊಕ್ಕವರಿಗೇ ಹೆಸರಿಡುವ ಹಕ್ಕು. ತಮ್ಮ ತಂಡಕ್ಕೆ ದಿನಾಂಕವಿದೆ, ಫೋಟೋ ಇದೆ. ಬಳಗದಲ್ಲಿ ಅದಕ್ಕೂ ಮೊದಲು ಹೊಕ್ಕವರು ಯಾರಾದರೂ ಇದ್ದರೆ, ಯಾರು, ಯಾವಾಗ ಎಂದು ಹೇಳಲಿ, ಈಗಲೇ ತಿದ್ದುತ್ತೇನೆ.

ಬಳಗದವರು ಎಷ್ಟೋ ಸಲ ಹೊಕ್ಕಿದ್ದರು. ಮೊದಲ ಸಲ ಯಾವಾಗ ಎಂದು ಯಾರು ಬರೆದಿಟ್ಟಿದ್ದರು?

ಕೊನೆಯ ಸಾಲಿನಿಂದ ಸಿದ್ದಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಜಿನವರೆಗೂ ನಡೆದು ಬಂದಳು.

“ಮೊದ್ಲು ಒಕ್ಕೋರು ಯಾರೋ ನಂಗೊತ್ತಿಲ್ಲ ಸಾಮಿ. ನನ್ನ ಒಕ್ಕುಳು ಬಳ್ಳಿ ಅಲ್ಲೇ ಊತವ್ರೆ.”

ಚೇತನ್‌ಕುಮಾರರಿಗೆ ಅರ್ಥವಾಗಲಿಲ್ಲ. ಹೊಕ್ಕುಳ ಬಳ್ಳಿ ಎಂದು ನಂಜಣ್ಣ ಅವರಿಗೆ ಬಿಡಿಸಿ ಹೇಳಿದ.

“ನಮ್ಮವ್ವ ಗೆಣಸು ಅಗೀಲಿಕ್ಕೆ ಓಗಿದ್ಲಂತೆ. ಕಾರ್ತೀಕದ ಮಳೆ ಇಡ್ಕತು. ನೋವೂ ಇಡ್ಕತು. ಆ ಗವಿಗೆ ತೂರ್ಕಂಡ್ಳು. ಒಳಗೆ ಆವೂ ಇದ್ವಂತೆ, ಅವ್ವನೂ ಇದ್ಲು, ಯಾರೂ ಯಾರ ತಂಟೇಗೂ ಓಗ್ಲಿಲ್ಲ. ಬೆಳಕರಿಯೋ ಒತ್ಗೆ ನಾನಿದ್ದೆ.” ಅವಳು ಪುಸ್ತಕದ ಮೇಲೆ ಬೆರಳಿಟ್ಟಳು. “ನೀವೆಲ್ಲ ವರಗಿಂದ ಒಳೀಕ್ ಓಗಿ ಗವಿ ಕಂಡ್ರಿ. ನಾನು ಒಳಗಿಂದ ವರೀಕ್ ಬಂದು ಲೋಕ ಕಂಡೆ. ಬರ್ಕಳಿ.”

ಚೇತನ್‌ಕುಮಾರ್ ಪುಟವನ್ನು ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು. ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಎಂದರು.

“ಕಾಲಂ ಇಲ್ದಿದ್ರೆ ಗೀಟು ಎಳ್ಕಳಿ ಸಾರ್,” ಎಂದ ನಂಜಣ್ಣ. “ಸ್ಕೇಲು ಬೇಕಾ?”

ಮಹಾಮಂಡಳಿಯ ಪುಸ್ತಕದಲ್ಲಿ ಹಾಗೆ ಎಳೆಯಲಾಗದು, ಒಂದು ಗೀಟು ಬಿದ್ದರೂ ಇಡೀ ಪುಟ ರದ್ದು, ಸೇರ್ಪಡೆಯೂ ರದ್ದು ಎಂದು ಅವರು ವಿವರಿಸಿದರು. ಉಷಾ ಹೆಲ್ಮೆಟ್ಟುಗಳನ್ನು ನೋಡಿದಳು. ಬಣ್ಣದ ಪುಟ ಕಣ್ಣ ಮುಂದೆ ಬಂತು, ನಾಲ್ಕೂ ಬಗೆಯ ಅಕ್ಷರದಲ್ಲಿ ಬಂತು. ಆಮೇಲೆ ಪೆನ್ನು ತೆಗೆದುಕೊಂಡಳು.

ಒಂಬತ್ತು ವರ್ಷ ಬೇರೆಯವರ ಮಾತು ತಿದ್ದಿದ ಕೈ. ‘ಒಳಹೊಕ್ಕವರು’ ಎಂಬುದರ ಮೇಲೆ ನೇರ ಗೀಟು ಎಳೆದು ‘ಹೊರಬಂದವರು’ ಎಂದು ಬರೆಯಿತು. ಎದುರಿಗೆ, ಸಿದ್ದಿ. ಗೋಮುಖಕ್ಕೂ ಅಡ್ಡ ಗೀಟು ಬಿತ್ತು.

“ಹೆಸರೇನೆಂದು ಬರೆಯುತ್ತೀರಿ?” ಎಂದರು ಚೇತನ್‌ಕುಮಾರ್.

“ಆವು ಸಾರ್,” ಎಂದಳು ಉಷಾ. “ಆವಿನ್ ಗವಿ.”

ಅದು ಸಿದ್ದಿಯ ಅಣಕವಾಗಿರಲಿಲ್ಲ. ಕಾಲೇಜು ಮೆಟ್ಟಿಲು ಹತ್ತುವುದಕ್ಕೆ ಮುಂಚೆ ಅವಳ ನಾಲಿಗೆಯೂ ಹಾಗೇ ಇತ್ತು. ಈಗ ಅದು ತಾನಾಗಿ ಬಂತು, ತಡೆಯಲಿಲ್ಲ, ಬರೆದದ್ದೂ ಹಾಗೇ.

ಚೇತನ್‌ಕುಮಾರ್ ಪುಸ್ತಕ ಮುಚ್ಚಿದರು. ಹೆಲ್ಮೆಟ್ಟುಗಳನ್ನು ಬಳಗದವರೇ ಎತ್ತಿ ಜೀಪಿಗೆ ತುಂಬಿದರು. ಅತಿಥಿಗಳ ಸಾಮಾನು, ಒಂದೂ ಗೀಚಾಗಬಾರದು ಎಂದು ಲಿಂಗಣ್ಣ ನಿಂತು ನೋಡಿಕೊಂಡ. ಇಪ್ಪತ್ತೊಂಬತ್ತು ತುಂಬಿದ ಮೇಲೆ ನಂಜಣ್ಣ ಕೆಂಪು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ, ಒಳಗಡೆ ಟವೆಲಿನಿಂದ ಒರೆಸಿ ಕೊಟ್ಟ. ಬಂಡೆಗೆ ನನ್ನ ತಲೆಯೇ ಅಭ್ಯಾಸ, ಇದಿದ್ದರೆ ಗುರುತು ಹತ್ತುವುದಿಲ್ಲ ಎಂದ. ಮಹಾಮಂಡಳಿಯ ಪತ್ರಿಕೆಯಲ್ಲಿ ಗೋಮುಖ ಎಂದೇ ಬಂದರೆ ಏನು ಮಾಡುವುದು ಎಂದು ಯಾರೋ ಕೇಳಿದ್ದಕ್ಕೆ, ನಾಲ್ಕು ತಾಲ್ಲೂಕಿನ ಬಸ್ಸು ನನ್ನ ಕೈಲಿದೆ, ನಮ್ಮ ಹಾಳೆಯೇ ಮೊದಲು ಮುಟ್ಟುತ್ತದೆ ಎಂದ.

ಜೀಪು ಹತ್ತುವ ಮುಂಚೆ ಚೇತನ್‌ಕುಮಾರ್ ಸಿದ್ದಿಯ ಹತ್ತಿರ ಬಂದು ದನಿ ತಗ್ಗಿಸಿದರು. ಡಿಸೆಂಬರಿನಲ್ಲಿ ಆ ಬಿಲದಲ್ಲಿ ತಾವು ಕೈ ಇಟ್ಟಿದ್ದಾಗಿ ಹೇಳಿದರು. ಮೊಣಕೈವರೆಗೆ. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು.

“ಚಳಿ ಅಲ್ವಾ, ಮನಗಿತ್ತು ಬುಡಿ,” ಎಂದಳು ಸಿದ್ದಿ.

ಫೆಬ್ರವರಿಯ ‘ರವಿ ಕಾಣದ್ದು’ ಎಂದಿನಂತೆ ಕಪ್ಪುಬಿಳುಪಿನಲ್ಲಿ, ಎಂದಿನಂತೆ ಟಿಕೆಟ್ ಚೀಲದಲ್ಲಿ ಹೊರಟಿತು. ಈ ಸಲ ನೂರು ಪ್ರತಿ ಹೆಚ್ಚು. ಚೆಲುವಯ್ಯ ಮೇಷ್ಟ್ರ ಕವನವೂ ಇತ್ತು, ಜೇಬಿಗೆ ವಾಪಸ್ ಹೋಗದಿರಲಿ ಎಂದು. ಮೊದಲ ಪುಟದ ಮೇಲ್ಭಾಗದಲ್ಲಿ, ಲ್ಯಾಮಿನೇಷನ್ ಮಾಡಿಸುವವರಿಗೆ ಅನುಕೂಲವಾಗುವಷ್ಟು ದಪ್ಪಕ್ಷರದಲ್ಲಿ, ಹೀಗಿತ್ತು:

‘ತಿದ್ದುಪಡಿ: ಹೋದ ವರ್ಷದ ಸಂಚಿಕೆಯಲ್ಲಿ “ಆವಿನ ಗವಿ” ಎಂದು ಅಚ್ಚಾಗಿರುವುದನ್ನು ಓದುಗರು “ಆವಿನ ಗವಿ” ಎಂದೇ ತಿದ್ದಿಕೊಂಡು ಓದತಕ್ಕದ್ದು. ಅದು ಅಂಬಾ ಎನ್ನುವುದಲ್ಲ, ಬುಸ್ ಎನ್ನುವುದು. ಅನುಮಾನವಿದ್ದವರು ಕೈಯಿಟ್ಟು ನೋಡಬಹುದು.’